ಗಾಳಿ ಕೇಳಿದ ಕೂಲಿ

ಹೋದ ತಿಂಗಳು ದಿಂಡುಕ್ಕಲ್ಲಿನ ಹೊಗೆಸೊಪ್ಪಿನ ಉಗ್ರಾಣಗಳ ಬೀದಿಯಲ್ಲಿ ನಡೆದುಹೋಗುವಾಗ ನನಗೆ ಸೀನು ಬಂತು. ಒಂದಲ್ಲ, ಸಾಲಾಗಿ ನಾಲ್ಕು. ಜೊತೆಯಲ್ಲಿದ್ದ ಅಕ್ಕನ ಮಗ, ನೀರು ತರಲೇ ಎಂದು ಕೇಳಿದ. ನೀರು ಬೇಡ, ಸ್ವಲ್ಪ ಹೊತ್ತು ಇಲ್ಲೇ ನಿಲ್ಲೋಣ ಎಂದೆ. ಎದುರಿಗಿದ್ದ ಉಗ್ರಾಣದ ಮುಂಭಾಗದಲ್ಲಿ ಮೂವತ್ತು ವರ್ಷಗಳ ಹಿಂದೆ ನನ್ನ ಅಚ್ಚುಕೂಟವಿತ್ತು. ಈಗ ಅಲ್ಲಿ ಬೀಗ ಮಾಡುವವರೊಬ್ಬರು ಅರ ಹಿಡಿದು ಕೂತಿದ್ದರು. ಹಿಂಭಾಗದಲ್ಲಿ ಮಾತ್ರ ಅಂದಿನಂತೆಯೇ ಹೊಗೆಸೊಪ್ಪಿನ ಕಟ್ಟುಗಳು. ಆ ಘಾಟು ಮೂಗಿಗೆ ಹೊಡೆದ ಕೂಡಲೇ ಒಂದು ವರ್ಷದ ಆಡಿ ತಿಂಗಳು, ಅಂದರೆ ಆಷಾಢ, ನೆನಪಾಯಿತು.

ನಮ್ಮ ಕಂಬಂ ಕಣಿವೆಯ ಲೆಕ್ಕದಲ್ಲಿ ಅದು ನೀರು ಬರುವುದಕ್ಕೆ ಹಿಂದಿನ ವರ್ಷ. ಅಲ್ಲಿಯ ಮುದುಕರು ಈಗಲೂ ಕಾಲವನ್ನು ಗುರುತಿಸುವುದು ಹಾಗೆಯೇ. ಬೆಟ್ಟ ಕೊರೆದು ಪೆರಿಯಾರಿನ ನೀರನ್ನು ನಮ್ಮ ಕಡೆ ತಿರುಗಿಸಿದ ವರ್ಷ, ಅದರ ಹಿಂದಿನದು, ಅದರ ಮುಂದಿನದು. ಆಗ ನನಗೆ ಇಪ್ಪತ್ತೊಂಬತ್ತು. ದಿಂಡುಕ್ಕಲ್ಲಿನಲ್ಲಿ 'ನಾಳೆ' ಎಂಬ ಮಾಸಪತ್ರಿಕೆಗೆ ಸಂಪಾದಕ, ಪ್ರಕಾಶಕ, ಕರಡು ತಿದ್ದುವವ, ವಿಳಾಸ ಬರೆಯುವವ, ಎಲ್ಲವೂ ನಾನೇ. ಅಚ್ಚಿನ ಮೊಳೆ ಜೋಡಿಸಲು ಮಾತ್ರ ಅರುಳಪ್ಪನ್ ಎಂಬ ಹಿರಿಯರಿದ್ದರು.

ಪತ್ರಿಕೆಯಲ್ಲಿ ನಾನು ಹಾಕುತ್ತಿದ್ದದ್ದು ಇನ್ನೂ ಆಗದಿರುವ, ಆದರೆ ಆಗಬಹುದಾದ ಸಂಗತಿಗಳ ಕತೆಗಳನ್ನು ಮಾತ್ರ. ರಾಜರಾಣಿಯರ ಕತೆ ಬೇಡ, ಪುರಾಣ ಬೇಡ, ನೀತಿ ಬೇಡ. ತಂತಿಯ ಮೇಲೆ ಅಕ್ಷರ ಓಡುವಂತೆ ಒಂದು ದಿನ ಮಾತೇ ಓಡಿದರೆ ಏನಾದೀತು, ಕೊಡೈಕಾನಲ್ಲಿನ ಚಳಿಯನ್ನು ಪೆಟ್ಟಿಗೆಯಲ್ಲಿ ತುಂಬಿ ಬಯಲಿಗೆ ಇಳಿಸಿದರೆ ಏನಾದೀತು, ಇಂಥವು. ಈ ಹುಚ್ಚು ನನಗೆ ಹತ್ತಿದ್ದು ಓದಿನಿಂದಲ್ಲ. ನಾನು ಚಿಕ್ಕವನಿದ್ದಾಗ ಬಿಳಿಯ ದೊರೆಗಳು ನಮ್ಮೂರು ಗೂಡಲೂರಿನ ಆಚೆ ಬೆಟ್ಟದ ಮೇಲೆ ದುರ್ಬೀನು ಇಟ್ಟುಕೊಂಡು ಓಡಾಡುತ್ತಿದ್ದರು. ಪಡುವಣಕ್ಕೆ ಹರಿಯುವ ನದಿಯನ್ನು ಮೂಡಣಕ್ಕೆ ತಿರುಗಿಸುತ್ತಾರಂತೆ ಎಂದು ಯಾರೋ ಸುದ್ದಿ ತಂದಾಗ ಚಾವಡಿಯಲ್ಲಿ ಕೂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಹತ್ತು ವರ್ಷ ಕಳೆಯುವುದರೊಳಗೆ ಅದೇ ಜನ ಆ ಕೆಲಸಕ್ಕೆ ಸುಣ್ಣ ಸಾಗಿಸಲು ತಮ್ಮ ಗಾಡಿಗಳನ್ನು ಬಾಡಿಗೆಗೆ ಬಿಟ್ಟಿದ್ದರು. ನಗುವಿಗೂ ಬಾಡಿಗೆಗೂ ನಡುವೆ ಒಂದು ಜಾಗವಿದೆ, ಅಲ್ಲಿ ಕತೆ ಕಟ್ಟಬಹುದು ಎಂದು ನನಗೆ ತೋಚಿತು.

ಓದುಗರು ಬೇರೆಯೇ ರೀತಿ ತಿಳಿದುಕೊಂಡಿದ್ದರು. ವೇದಸಂದೂರಿನ ಜಮೀನುದಾರರೊಬ್ಬರು ಪತ್ರಿಕೆಯ ಹೆಸರು ಕೇಳಿ, ಮಗಳ ಮದುವೆಗೆ ಮುಹೂರ್ತ ಕೇಳಲು ಬಂದರು. ನಾನು ಜೋಯಿಸನಲ್ಲ ಎಂದು ಎಷ್ಟು ಹೇಳಿದರೂ ಕೇಳದೆ, ಹೋಗುವಾಗ ತೆಂಗಿನಕಾಯಿ ಇಟ್ಟುಹೋದರು. ದಿಂಡುಕ್ಕಲ್ಲಿನ ವಕೀಲರೊಬ್ಬರು ಪ್ರತಿ ಕತೆಗೂ ಸಾಕ್ಷಿ ಕೇಳಿ ಕಾಗದ ಬರೆಯುತ್ತಿದ್ದರು. ಆದರೂ ಚಂದಾ ನಿಲ್ಲಿಸಲಿಲ್ಲ. ಎಲ್ಲರೂ ಒಕ್ಕೊರಲಿನಿಂದ ಒಪ್ಪಿಕೊಂಡಿದ್ದ ಸಂಗತಿಯೆಂದರೆ 'ನಾಳೆ' ತೆರೆದರೆ ಸೀನು ಬರುತ್ತದೆ ಎಂಬುದು. ಕಾಗದದ ರೀಮುಗಳನ್ನು ಇಡಲು ಬೇರೆ ಜಾಗವಿಲ್ಲದೆ ಹೊಗೆಸೊಪ್ಪಿನ ಕಟ್ಟುಗಳ ಮೇಲೆಯೇ ಇಡುತ್ತಿದ್ದೆವು.

ಪತ್ರಿಕೆಯ ಭಾಷೆ ತಮಿಳು. ನಾನು ಓದಿದ್ದು, ದಿಂಡುಕ್ಕಲ್ಲಿನಲ್ಲಿ ಮಾತಾಡುತ್ತಿದ್ದದ್ದು ಎಲ್ಲ ಅದೇ. ಆದರೆ ಕೊನೆಯ ನಾಲ್ಕು ಪುಟಗಳನ್ನು ನಾನು ನಮ್ಮ ಮನೆಮಾತಿಗೆ ಬಿಟ್ಟಿದ್ದೆ. ನಾವು ಕಣಿವೆಯ ಕನ್ನಡದವರು. ಎಂದೋ ಬಂದು ನೆಲೆನಿಂತು, ಬಂದ ದಾರಿಯನ್ನೂ ಮರೆತು, ಮಾತನ್ನು ಮಾತ್ರ ಉಳಿಸಿಕೊಂಡವರು. ಆ ಮಾತಿನಲ್ಲಿ ಕತೆ 'ಕದೆ' ಆಗಿತ್ತು, ಪುಸ್ತಕ 'ಪೊಸ್ತಗ'ವಾಗಿತ್ತು, 'ಆದರೆ' ಎನ್ನಬೇಕಾದಲ್ಲಿ ತಮಿಳಿನ 'ಆನಾ', 'ತಮ್ಮ' ಎನ್ನಬೇಕಾದಲ್ಲಿ 'ತಂಬಿ' ಬಂದು ಕೂತಿದ್ದವು. ಕನ್ನಡದ ಅಕ್ಷರ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನಗೂ ಇಲ್ಲ. ನಾನು ಈಗ ಬರೆಯುತ್ತಿರುವ ಈ ಅಕ್ಷರಗಳನ್ನು ಕಲಿತದ್ದು ನಲವತ್ತು ದಾಟಿದ ಮೇಲೆ, ಮೈಸೂರಿನ ಒಂದು ಅಚ್ಚುಕೂಟದಲ್ಲಿ ಕೆಲಸಕ್ಕೆ ಸೇರಿದಾಗ. ಹಾಗಾಗಿ 'ನಾಳೆ'ಯ ಕೊನೆಯ ಪುಟಗಳಲ್ಲಿ ಮಾತು ನಮ್ಮದು, ಮೊಳೆ ತಮಿಳಿನದು. ತಮಿಳು ಲಿಪಿಯಲ್ಲಿ ಕ ಮತ್ತು ಗ ಎರಡಕ್ಕೂ ಒಂದೇ ಅಕ್ಷರ. ಪ ಮತ್ತು ಬ ಎರಡಕ್ಕೂ ಒಂದೇ. ಓದುವವನು ಮಾತು ಬಲ್ಲವನಾದರೆ ತಾನೇ ಸರಿಪಡಿಸಿಕೊಂಡು ಓದುತ್ತಾನೆ. ಬಲ್ಲವರೇ ತಾನೆ ಓದುವುದು ಎಂದು ನಾನು ಆ ಬಗ್ಗೆ ತಲೆ ಕೆಡಿಸಿಕೊಂಡಿರಲಿಲ್ಲ.

ಆ ನಾಲ್ಕು ಪುಟ ಯಾರಿಗಾಗಿ ಎಂದು ಕೇಳಿದರೆ ಊರವರಿಗಾಗಿ ಎನ್ನುತ್ತಿದ್ದೆ. ನಿಜವಾಗಿ ಅದು ಅಕ್ಕನಿಗಾಗಿ. ಬೊಮ್ಮಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು. ಗೂಡಲೂರಿನಲ್ಲೇ ಕೊಟ್ಟಿದ್ದರು. ಓದಲು ಬಾರದು. ಪತ್ರಿಕೆ ಬಂದ ದಿನ ಬಾವ ತಿಮ್ಮಯ್ಯನೋ ಇನ್ನೊಬ್ಬರೋ ಚಾವಡಿಯಲ್ಲಿ ಗಟ್ಟಿಯಾಗಿ ಓದುವರು. ಹೆಂಗಸರು ಆಚೆ ಗೋಡೆಯ ಮಗ್ಗುಲಲ್ಲಿ ಕೂತು ಕೇಳುವರು. ಅಕ್ಕ ಕೇಳಿದ್ದಷ್ಟಕ್ಕೆ ಸುಮ್ಮನಿರುವವಳಲ್ಲ. ನಾನು ಊರಿಗೆ ಹೋದಾಗ ಒಂದೊಂದು ಕತೆಯನ್ನೂ ಹಿಡಿದು ಜಾಲಾಡುತ್ತಿದ್ದಳು. "ಚಳಿನ ಪೆಟ್ಟಿಗೆಲಿ ತುಂಬ್ದ ಅಂದ್ಯಲ್ಲ ತಂಬಿ, ಅದ್ನ ಹೊತ್ತು ತರೋ ಕೂಲಿಯಾಳ ಕೈ ಮರಗಟ್ಟಲ್ವಾ? ಅದ ಯಾಕೆ ಬರಿಲಿಲ್ಲೆ?" ಎನ್ನುವಳು. ವಕೀಲರ ಕಾಗದಗಳಿಗಿಂತ ಇದು ನನ್ನನ್ನು ಹೆಚ್ಚು ತಿದ್ದಿತು.

ಆ ವರ್ಷ ಬೇಸಿಗೆಯಲ್ಲಿ ಊರಿಗೆ ಹೋದಾಗ ಅಕ್ಕನ ಮನೆಯ ಎತ್ತೊಂದು ಕುಂಟುತ್ತಿತ್ತು. ಕಪಿಲೆ ಹೊಡೆಯಲು, ಅಂದರೆ ಬಾವಿಯಿಂದ ತೊಗಲಿನ ಚೀಲದಲ್ಲಿ ನೀರೆಳೆಯಲು, ಜೋಡಿಯ ಇನ್ನೊಂದು ಎತ್ತಿನ ಜೊತೆ ಪಕ್ಕದ ಮನೆಯ ಹೋರಿಯನ್ನು ಕಟ್ಟಿದ್ದರು. ಅವೆರಡೂ ಒಂದಕ್ಕೊಂದು ಹೊಂದದೆ ಬೆಳಗಿಡೀ ರಂಪ. ಅಕ್ಕ ಹೊಲದಲ್ಲಿ ನೀರು ಕಟ್ಟುತ್ತಿದ್ದವಳು ಬಂದು ಬಾವಿಕಟ್ಟೆಯ ಮೇಲೆ ಕೂತು, ಮೊಣಕಾಲು ನೀವಿಕೊಳ್ಳುತ್ತ, "ಒಂದ್ ಕದೆ ಐತೆ, ಬರ್ಕೊ" ಎಂದಳು. ಪೀಠಿಕೆಯೇನೂ ಇಲ್ಲ. ನಾನು ಪೆನ್ಸಿಲು ತೆಗೆದೆ.

ಕತೆ ಹೀಗಿತ್ತು. ಆಡಿ ತಿಂಗಳಲ್ಲಿ ಕುಮುಳಿಯ ಘಟ್ಟದಿಂದ ಗಾಳಿ ಇಳಿದು ಬರುತ್ತಾಳೆ. ತಲೆ ಬಿಚ್ಚಿಕೊಂಡು, ಬಾಯಲ್ಲಿ ದೂಳು ಅಗಿಯುತ್ತ, ಸೂರಿನ ಹುಲ್ಲು ಕಿತ್ತೆಸೆಯುತ್ತ ಬರುತ್ತಾಳೆ. ಯಾವ ಕೆಲಸವೂ ಇಲ್ಲದೆ ತಿರುಗುವವಳು ಅವಳೊಬ್ಬಳೇ. ಒಂದು ವರ್ಷ ಊರ ಹೆಂಗಸರು ಕೂಡಿ, ಬಾವಿಯ ಪಕ್ಕದಲ್ಲಿ ತೆಂಗಿನ ಮರದಷ್ಟು ಎತ್ತರದ ಕಂಬ ನೆಟ್ಟು, ಅದರ ತಲೆಗೆ ನಾಲ್ಕು ಈಚಲ ಚಾಪೆಗಳನ್ನು ಕೈಗಳಂತೆ ಕಟ್ಟಿ ಕಾಯುತ್ತಾರೆ. ಗಾಳಿ ಬಂದು ಚಾಪೆಗೆ ಸಿಕ್ಕಿಕೊಳ್ಳುತ್ತಾಳೆ. ಕಂಬಕ್ಕೆ ಕಟ್ಟಿ ಅವಳನ್ನು ದುಡಿಸುತ್ತಾರೆ. ಅವಳು ಗಿರಗಿರ ತಿರುಗಿ ಎತ್ತಿಲ್ಲದೆ, ಹಗ್ಗ ಹಿಡಿಯುವ ಆಳಿಲ್ಲದೆ ಬಾವಿಯ ನೀರನ್ನೆಲ್ಲ ಎತ್ತಿ ಹೊಲಕ್ಕೆ ಸುರಿಯುತ್ತಾಳೆ. ಹೆಂಗಸರು ಹುಟ್ಟಿದಂದಿನಿಂದ ಮೊದಲ ಸಲ ಕಾಲು ಚಾಚಿಕೊಂಡು ಕೂರುತ್ತಾರೆ. ಕೂತವರಿಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಆಗ ಗಾಳಿ ಮೇಲಿಂದ ಕೇಳುತ್ತಾಳೆ: ದುಡಿದೆನಲ್ಲ, ನನಗೆ ಕೂಲಿ ಏನು?

ಅಲ್ಲಿಗೆ ಅಕ್ಕ ಎದ್ದು ಸೀರೆ ಕೊಡವಿಕೊಂಡಳು. "ಏನು ಕೂಲಿ?" ಎಂದೆ.

"ಮೊದ್ಲು ಇದು ಅಚ್ಚಾಗ್ಲಿ. ಮಿಕ್ಕಿದ್ದು ಆಮೇಲೆ."

"ಈಗ್ಲೇ ಹೇಳಕ್ಕ, ಒಟ್ಟಿಗೆ ಹಾಕ್ತೀನಿ."

"ನೀ ಒಟ್ಟಿಗೆ ತಕ್ಕೊಂಡ್ರೆ ಆಮೇಲೆ ನನ್ ನೆನಪು ಬರಲ್ಲ ನಿಂಗೆ," ಎಂದು ನಕ್ಕಳು. ನಾನು ಬಲ್ಲ ಯಾವ ಬರಹಗಾರನೂ ಸಂಪಾದಕನನ್ನು ಅಷ್ಟು ಸರಿಯಾಗಿ ಅಳೆದಿರಲಿಲ್ಲ. ಹೋಗುವ ಮುಂಚೆ ಇನ್ನೊಂದು ಮಾತು ಕೇಳಿದಳು. "ನನ್ ಹೆಸ್ರು ಹಾಕ್ತೀಯಾ?" ಎರಡನೇ ಭಾಗ ಮುಗಿದ ಕಡೆ ದಪ್ಪ ಅಕ್ಷರದಲ್ಲಿ ಹಾಕುತ್ತೇನೆ ಎಂದೆ. ಮೊದಲ ಭಾಗಕ್ಕೆ 'ಗೂಡಲೂರಿನ ಒಬ್ಬರು ಹೇಳಿದ್ದು' ಎಂದಷ್ಟೇ ಸಾಕು, ಯಾರಿರಬಹುದು ಎಂದು ಜನ ಒಂದು ತಿಂಗಳು ಯೋಚಿಸಲಿ ಎಂಬುದು ನನ್ನ ಲೆಕ್ಕ. ಅದಕ್ಕೆ ಅವಳು ಒಪ್ಪಿದಳು. ಒಬ್ಬ ಹೆಂಗಸು ಹೇಳಿದ ಇಂಥ ಕತೆ ಆ ಸೀಮೆಯಲ್ಲಿ ಅಚ್ಚಾಗಿರಲೇ ಇಲ್ಲ. ನನಗೆ ಒಳಗೊಳಗೇ ಹೆಮ್ಮೆಯಾಗಿತ್ತು ಎಂಬುದನ್ನು ಬಚ್ಚಿಡುವುದೇಕೆ.

ದಿಂಡುಕ್ಕಲ್ಲಿಗೆ ಬಂದು ಆಡಿ ತಿಂಗಳ ಸಂಚಿಕೆಗೆ ಮೊಳೆ ಜೋಡಿಸಲು ಕೊಟ್ಟೆ. ಗಾಳಿಯನ್ನು ನಾವು ಯಾರೂ ಹೆಣ್ಣೆಂದು ಕರೆಯುವುದಿಲ್ಲ. ಗಾಳಿ ಬರುತ್ತದೆ, ಹೋಗುತ್ತದೆ. ಅವಳನ್ನು ಹೆಣ್ಣು ಮಾಡಿದ್ದು ಅಕ್ಕ. ತಿದ್ದಬಹುದಿತ್ತು, ತಿದ್ದಲಿಲ್ಲ. ಕತೆಯ ಜೀವ ಅದರಲ್ಲೇ ಇದೆ ಎಂದು ನನಗನಿಸಿತ್ತು, ಈಗಲೂ ಅನಿಸುತ್ತದೆ. ಅರುಳಪ್ಪನ್‌ಗೆ ನಮ್ಮ ಮಾತು ಬಾರದು. ಅಕ್ಷರ ನೋಡಿ ಮೊಳೆ ಇಡುವರು, ಅಷ್ಟೆ. ಆ ದಿನ ಮಾತ್ರ ಕರಡು ಕೊಡುತ್ತ ಕನ್ನಡಕ ತೆಗೆದು, "ಅಯ್ಯಾ, ಕಾಳಿಯೆ ಕಟ್ಟಲಾಮಾ?" ಎಂದು ಕೇಳಿದರು. ಕಾಳಿಯನ್ನು ಕಟ್ಟಬಹುದೇ ಎಂದು. ಕಟ್ಟು ಎಂಬ ಮಾತು ತಮಿಳಿಗೂ ನಮಗೂ ಒಂದೇ. ತಾವು ಶಿಲುಬೆ ಹಾಕಿಕೊಂಡವರಾದರೂ ಊರ ದೇವತೆಯ ವಿಷಯದಲ್ಲಿ ಅವರಿಗೆ ಅಂಜಿಕೆಯಿತ್ತು.

ನಾನು ನಕ್ಕುಬಿಟ್ಟೆ. ತಮಿಳು ಅಕ್ಷರದಲ್ಲಿ ನಮ್ಮ ಗಾಳಿಯನ್ನು ಬರೆದರೆ ಅದು ಕಾಳಿಯೇ. ಕಾಳಿಯನ್ನು ಬರೆದರೂ ಕಾಳಿಯೇ. ಇದು ಕಾಳಿಯಲ್ಲ, ತಮಿಳಿನ ಕಾತ್ತುವಿಗೆ ನಮ್ಮ ಮಾತಿನಲ್ಲಿ ಗಾಳಿ ಎನ್ನುತ್ತೇವೆ ಎಂದು ಅವರಿಗೆ ವಿವರಿಸಿದೆ. ಅವರು ತಲೆದೂಗಿದರು. ಕನ್ನಡಕ ಹಾಕಿಕೊಂಡು, ಓದುವವರಿಗೂ ಇದನ್ನು ಹೇಳಿಬಿಟ್ಟರೆ ಒಳ್ಳೆಯದು ಎಂದರು. ನಮ್ಮವರಿಗೆ ಅಷ್ಟು ತಿಳಿಯುವುದಿಲ್ಲವೇ ಎಂದೆ. ಕೆಳಗೆ ಒಂದು ಸಾಲಿನ ಟಿಪ್ಪಣಿ ಹಾಕಲು ಪುಟದಲ್ಲಿ ಜಾಗವೂ ಇತ್ತು. ಆ ಜಾಗಕ್ಕೆ ಒಂದು ಹೂಬಳ್ಳಿಯ ಅಚ್ಚು ಹಾಕಿಸಿದೆ.

ಸಂಚಿಕೆ ಅಂಚೆಗೆ ಹೋಗಿ ಹತ್ತು ದಿನಕ್ಕೆ ಬಾವನ ಕಾಗದ ಬಂತು. ಎರಡೇ ಸಾಲು. ಕೂಡಲೇ ಹೊರಟು ಬಾ. ಉಳಿದ ಪ್ರತಿಗಳಿದ್ದರೆ ಯಾರಿಗೂ ಕೊಡಬೇಡ.

ಆಗ ಕಣಿವೆಗೆ ರೈಲಿರಲಿಲ್ಲ. ಅಣೆಕಟ್ಟಿನ ಕೆಲಸಕ್ಕೆ ಕಬ್ಬಿಣ ಹೊತ್ತು ಹೋಗುವ ಗಾಡಿಯೊಂದರಲ್ಲಿ ಜಾಗ ಹಿಡಿದು ಹೊರಟೆ. ವತ್ತಲಗುಂಡು, ಪೆರಿಯಕುಳಂ ದಾಟಿ ತೇನಿಯ ಸಂತೆಮಾಳಕ್ಕೆ ಬರುವ ಹೊತ್ತಿಗೆ ಗಾಳಿ ಎದುರಾಯಿತು. ಆಡಿಯ ಗಾಳಿಯನ್ನು ಕಾಣದವರಿಗೆ ಹೇಳುವುದು ಕಷ್ಟ. ಅದು ಬೀಸುವುದಿಲ್ಲ, ನೂಕುತ್ತದೆ. ಎತ್ತುಗಳು ತಲೆ ತಗ್ಗಿಸಿ, ಏರು ಹತ್ತುವಂತೆ ಸಮನೆಲದಲ್ಲಿ ನಡೆಯುತ್ತಿದ್ದವು. ಗಾಡಿಯವನು ಬಾಯಿಗೆ ಬಟ್ಟೆ ಕಟ್ಟಿಕೊಂಡಿದ್ದರಿಂದ ಇಬ್ಬರಿಗೂ ಮಾತಿಲ್ಲ. ಉತ್ತಮಪಾಳ್ಯದ ಆಚೆ ಜೋಳದ ಹೊಲಗಳು ನೆಲಕ್ಕೆ ಒರಗಿದ್ದವು. ಅಕ್ಕನ ಕಂಬ ಇಲ್ಲಿ ಎಲ್ಲಿ ನಿಂತರೂ ತಿರುಗೀತು ಎಂದು ಯೋಚಿಸಿದೆ. ನಾಲ್ಕು ದಿನದ ದಾರಿಯಲ್ಲಿ ನನಗೆ ಹೊಳೆದದ್ದು ಅದೊಂದೇ, ಊರಿನಲ್ಲಿ ಏನಾಗಿರಬಹುದೆಂದು ಹೊಳೆಯಲಿಲ್ಲ.

ಊರಿನಲ್ಲಿ ಆಗಿದ್ದು ಇಷ್ಟು. ಸಂಚಿಕೆ ಬಂದ ದಿನ ಬಾವ, ಅಕ್ಕ ಇಬ್ಬರೂ ಹೊಲದಲ್ಲಿದ್ದರು. ಓದಲು ಬೇರೆ ಯಾರೂ ಸಿಗದೆ, ಜಗುಲಿ ಶಾಲೆಯ ವಾತ್ಯಾರನ್ನು, ಅಂದರೆ ಮೇಷ್ಟರನ್ನು, ಕರೆದು ಕೂರಿಸಿದ್ದಾರೆ. ಆತ ಮಧುರೆಯ ಕಡೆಯಿಂದ ಹೊಸದಾಗಿ ಬಂದವರು, ಶುದ್ಧ ತಮಿಳರು. ನಮ್ಮ ಮಾತು ಗೊತ್ತಿಲ್ಲ. ಅರ್ಥವಾಗದಿದ್ದರೂ ಅಕ್ಷರ ಬಿಡದೆ ರಾಗವಾಗಿ ಓದಿದ್ದಾರೆ. ಆಡಿ ತಿಂಗಳಲ್ಲಿ ಘಟ್ಟದಿಂದ ಕಾಳಿ ಇಳಿದು ಬರುತ್ತಾಳೆ, ತಲೆ ಬಿಚ್ಚಿಕೊಂಡು ಬರುತ್ತಾಳೆ ಎನ್ನುವವರೆಗೆ ಎಲ್ಲರೂ ಕೈ ಮುಗಿದುಕೊಂಡು ಕೇಳಿದ್ದಾರೆ. ಆಡಿ ಕಾಳಿಯ ತಿಂಗಳೇ ತಾನೆ. ಕಾಳಿಯನ್ನು ಕಂಬಕ್ಕೆ ಕಟ್ಟಿ ದುಡಿಸುತ್ತಾರೆ ಎಂದಾಗ ಕೈಗಳು ಕೆಳಗಿಳಿದಿವೆ. ಕಾಳಿ ಕೂಲಿ ಕೇಳುತ್ತಾಳೆ ಎನ್ನುವಷ್ಟರಲ್ಲಿ ಒಬ್ಬ ಮುದುಕಿ ಎದ್ದು ಹೊರಗೆ ಹೋಗಿದ್ದಾಳೆ. ಅದೇ ವಾರ ಗಾಳಿಗೆ ಮೂರು ಮನೆಗಳ ಸೂರು ಹಾರಿದೆ. ಸೂರು ಪ್ರತಿ ಆಡಿಯಲ್ಲೂ ಹಾರುತ್ತಿತ್ತು, ಆ ವರ್ಷ ಅದಕ್ಕೊಂದು ಕಾರಣ ಸಿಕ್ಕಿತು.

ನಾನು ತಲುಪಿದ ದಿನವೇ ಮಧ್ಯಾಹ್ನ ಚಾವಡಿಯಲ್ಲಿ ಕೂಟ ಸೇರಿತು. ಊರಗೌಡರು ನನಗೆ ದೊಡ್ಡಪ್ಪನಾಗಬೇಕು. ಸಾವಧಾನದ ಮನುಷ್ಯ. ಬೈಯಲಿಲ್ಲ, ಕೂಗಲಿಲ್ಲ. ಗೋಡೆಯ ಮಗ್ಗುಲಲ್ಲಿ ಹೆಂಗಸರು ಕೂತಿದ್ದರು. ಅಕ್ಕನ ಹಸಿರು ಸೀರೆಯ ಸೆರಗು ಮಾತ್ರ ನನಗೆ ಕಾಣುತ್ತಿತ್ತು.

"ಕೂತ್ಕೊ ತಂಬಿ. ಏನ್ ಬರ್ದೆ, ನೀನೇ ಒಂದ್ ಸಲ ಓದು," ಎಂದರು ದೊಡ್ಡಪ್ಪ.

ನಾನು ಓದಿದೆ. ಗಾಳಿ ಎಂದು ಓದಿದೆ. ಓದುತ್ತ ಹೋದ ಹಾಗೆ ಮುಖಗಳು ಸಡಿಲಾದವು. ಹೆಂಗಸರು ಕಾಲು ಚಾಚಿ ಕೂರುವ ಕಡೆ ಗೋಡೆಯ ಆಚೆಯಿಂದ ಯಾರೋ ಕಿಸಕ್ಕನೆ ನಕ್ಕರು. ಮುಗಿದ ಮೇಲೆ ದೊಡ್ಡಪ್ಪ ವಾತ್ಯಾರನ್ನು ಕರೆದು, ನೆಲದ ಮಣ್ಣಿನಲ್ಲಿ ಕಾಳಿ ಎಂದು ಬರೆಯಲು ಹೇಳಿದರು. ಅವರು ಬರೆದರು. ನನ್ನ ಕಡೆ ತಿರುಗಿ, ಗಾಳಿ ಎಂದು ಬರೆ ಎಂದರು. ನಾನು ಅದರ ಕೆಳಗೆ ಬರೆದೆ. ದೊಡ್ಡಪ್ಪನಿಗೆ ಓದು ಬಾರದು. ಆದರೂ ಬಗ್ಗಿ ಎರಡನ್ನೂ ನೋಡಿ, ಒಂದೇ ತರಹ ಇವೆಯಲ್ಲ ಎಂದರು.

"ಒಂದೇ ದೊಡ್ಡಪ್ಪಾ. ಲಿಪಿ ಹಂಗೆ."

"ಸೆರಿ. ನೀ ಗಾಳಿ ಅಂತ ಬರ್ದೆ, ನಾ ನಂಬ್ತೀನಿ. ಇಲ್ಲಿರೋರೂ ನಂಬ್ತಾರೆ. ಆನಾ ಗುಡಿ ಅಮ್ಮನ ಕಿವಿಗೆ ಬಿದ್ದಿದ್ದು ಅವತ್ತು ಇವ್ರು ಓದಿದ್ದು. ಅದಕ್ಕೊಂದು ಬದ್ಲು ಮಾಡ್ಬೇಕಲ್ಲ."

ಬದಲು ಎಂದರೆ ತೀಚಟ್ಟಿ. ಕೆಂಡ ತುಂಬಿದ ಮಡಕೆಯನ್ನು ಬರಿಗೈಯಲ್ಲಿ, ಬೇವಿನ ಸೊಪ್ಪಿನ ಮೇಲಿಟ್ಟುಕೊಂಡು, ಕಾಳಿಯ ಗುಡಿಗೆ ಮೂರು ಸುತ್ತು ಬರುವುದು. ಹರಕೆಗೆ, ತಪ್ಪಿಗೆ, ಕಾಯಿಲೆಗೆ, ಎಲ್ಲಕ್ಕೂ ನಮ್ಮಲ್ಲಿ ಅದೇ. ದಂಡವಿಲ್ಲ, ಬಹಿಷ್ಕಾರವಿಲ್ಲ. ಈಗ ಯೋಚಿಸಿದರೆ ಅದಕ್ಕಿಂತ ಹಗುರವಾದ ತೀರ್ಪು ಯಾವ ಕೋರ್ಟಿನಲ್ಲೂ ಸಿಗುತ್ತಿರಲಿಲ್ಲ. ಎತ್ತಬೇಕಾದವರು ಯಾರು ಎಂಬುದಷ್ಟೇ ಪ್ರಶ್ನೆ. ವಾತ್ಯಾರು ಹೆದರಿ, ನಾನು ಓದಿದೆನಷ್ಟೇ ಎಂದು ತಮಿಳಿನಲ್ಲಿ ಮೂರು ಸಲ ಹೇಳಿದರು.

"ಓದಿದ್ದು ಇವರ ಬಾಯಿ. ಬರ್ದಿದ್ದು ನಿನ್ ಕೈ. ಮಾತು ಯಾರ್ದು?" ಎಂದು ದೊಡ್ಡಪ್ಪ ಕೇಳಿದರು. "ಗೂಡಲೂರಿನ ಒಬ್ರು ಹೇಳಿದ್ದು ಅಂತ ಹಾಕಿದ್ದೀಯಂತೆ. ಆ ಒಬ್ರು ಯಾರು? ಯೋಚ್ನೆ ಮಾಡಿ ಹೇಳು ತಂಬಿ. ಬೆಂಕಿ ಎತ್ತಿದೋರ್ದೇ ಮಾತು. ನಾಳೆ ಇನ್ನೊಬ್ರು ಬಂದು ಅದು ನಂದು ಅನ್ನಂಗಿಲ್ಲೆ."

ಈ ಕಟ್ಟಳೆ ನನಗೆ ಗೊತ್ತಿರಲಿಲ್ಲವೆಂದಲ್ಲ. ಚಿಕ್ಕಂದಿನಿಂದ ಕಂಡದ್ದೇ. ಹೊಲದ ಗಡಿಯ ಜಗಳದಲ್ಲಿ ಬೆಂಕಿ ಎತ್ತಿದವನಿಗೇ ಗಡಿ, ಹರಕೆಯ ಕುರಿಗೆ ಬೆಂಕಿ ಎತ್ತಿದವನಿಗೇ ಕುರಿ. ಮಾತಿಗೂ ಅದು ಸಲ್ಲುತ್ತದೆ ಎಂದು ನಾನು ಮನಸ್ಸಿಗೆ ತಂದುಕೊಳ್ಳಲಿಲ್ಲ. ಗೋಡೆಯ ಕಡೆ ನೋಡಿದೆ. ಹಸಿರು ಸೆರಗು ಅಲ್ಲಾಡಿತು. ಅಕ್ಕ ಎದ್ದು ನಿಂತಳೆಂದು ತಿಳಿಯಿತು. ನನಗೆ ಕಂಡದ್ದು ಒಂದೇ ಚಿತ್ರ: ಅಕ್ಕ, ನಲವತ್ತರ ಹೆಂಗಸು, ನೋಯುವ ಮೊಣಕಾಲಿನಲ್ಲಿ, ಊರೆಲ್ಲ ನೋಡುತ್ತಿರುವಾಗ, ನನ್ನ ಪತ್ರಿಕೆಯ ದೆಸೆಯಿಂದ ಕೆಂಡ ಹೊತ್ತು ಸುತ್ತುತ್ತಿರುವುದು. ಅವಳು ಬಾಯಿ ತೆರೆಯುವ ಮುಂಚೆ ನಾನು ಹೇಳಿಬಿಟ್ಟೆ.

"ಯಾರೂ ಇಲ್ಲೆ ದೊಡ್ಡಪ್ಪಾ. ಸುಮ್ನೆ ಹಂಗೆ ಹಾಕ್ದೆ. ಕದೆ ನಂದೇ."

ದೊಡ್ಡಪ್ಪ ನನ್ನ ಕಡೆ ಬಾಗಿದರು. "ನಿಂದೇನಾ?" ಎಂದು ಇನ್ನೊಮ್ಮೆ ಕೇಳಿದರು. ನಂದೇ ಎಂದೆ. ಗೋಡೆಯ ಆಚೆ ಹಸಿರು ಸೆರಗು ಮತ್ತೆ ಕೆಳಗಿಳಿಯಿತು.

ಮರುದಿನ ಬೆಳಿಗ್ಗೆ ತೀಚಟ್ಟಿ ಎತ್ತಿದೆ. ಗಾಳಿಗೆ ಕೆಂಡದ ಕಿಡಿ ಹಾರಿ ನನ್ನ ಎದೆಯ ಮೇಲೆ ಬಿದ್ದ ಗುರುತು ಒಂದೆರಡು ಈಗಲೂ ಇವೆ. ಮೂರು ಸುತ್ತು ಮುಗಿಸಿ ಮಡಕೆ ಇಳಿಸಿದಾಗ ಜನ ನನ್ನ ಬೆನ್ನು ತಟ್ಟಿದರು. ವಾತ್ಯಾರು ನನ್ನ ಕೈ ಹಿಡಿದುಕೊಂಡು ಬಿಡಲಿಲ್ಲ. ಬಾವ ಎಣ್ಣೆ ಹಚ್ಚಿದ. ಅಕ್ಕ ಊಟಕ್ಕೆ ಬಡಿಸಿದಳು, ನನಗಿಷ್ಟವೆಂದು ಅವರೆಕಾಳಿನ ಸಾರು ಮಾಡಿದ್ದಳು. ಹೆಚ್ಚು ಮಾತಾಡಲಿಲ್ಲ. ನಾನು ಬಳಲಿದ್ದೇನೆಂದು ಸುಮ್ಮನಿದ್ದಾಳೆ ಎಂದುಕೊಂಡೆ. ಅವಳನ್ನು ಕಾಪಾಡಿದೆ ಎಂಬ ಬಿಂಕದಲ್ಲಿ ನಾನು ಎರಡು ಸಲ ಸಾರು ಹಾಕಿಸಿಕೊಂಡೆ.

ದಿಂಡುಕ್ಕಲ್ಲಿಗೆ ಮರಳಿ ಮುಂದಿನ ಸಂಚಿಕೆಯಲ್ಲಿ ಒಂದು ಸೂಚನೆ ಹಾಕಿದೆ. ಕಳೆದ ತಿಂಗಳ ಗಾಳಿಯ ಕತೆ ಸಂಪಾದಕನದೇ ಕಲ್ಪನೆ, ಅದರಿಂದ ಯಾರಿಗಾದರೂ ನೋವಾಗಿದ್ದರೆ ಕ್ಷಮಿಸಬೇಕು, ಉಳಿದ ಭಾಗ ಸದ್ಯಕ್ಕೆ ಇಲ್ಲ. ಅರುಳಪ್ಪನ್ ಅದನ್ನು ಜೋಡಿಸಿ ಕರಡು ಕೊಟ್ಟರು. ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಮುಗಿಯಲಿಲ್ಲ. ಕಾಗದಗಳು ಬರತೊಡಗಿದವು. ನಮ್ಮ ಮನೆಮಾತು ಬಲ್ಲ ಕಂಬಂ, ಬೋಡಿ ಕಡೆಯವರಿಂದ ಮೊದಲು, ಅವರು ತಮಿಳಿನಲ್ಲಿ ಹೇಳಿ ಕೇಳಿಸಿದ್ದರಿಂದ ಬೇರೆಯವರಿಂದ ಆಮೇಲೆ. ಎಲ್ಲರದೂ ಒಂದೇ ಪ್ರಶ್ನೆ. ಗಾಳಿ ಕೂಲಿ ಏನು ಕೇಳಿದಳು? ಸಾಕ್ಷಿ ಕೇಳುವ ವಕೀಲರು ಕೂಡ ಈ ಸಲ ಸಾಕ್ಷಿ ಕೇಳಲಿಲ್ಲ. ಖುದ್ದಾಗಿ ಅಚ್ಚುಕೂಟಕ್ಕೆ ಬಂದು, ಸೀನಿಕೊಂಡು, ತಮಗೆ ತೋಚಿದ ಎರಡು ಉತ್ತರಗಳನ್ನು ಹೇಳಿ, ಇವುಗಳಲ್ಲಿ ಯಾವುದು ಸರಿ ಎಂದರು. ಎರಡೂ ಅಲ್ಲವೆಂದು ನನಗೆ ಗೊತ್ತಿತ್ತು. ಸರಿಯಾದದ್ದು ಗೊತ್ತಿರಲಿಲ್ಲ. ನಾಲ್ಕು ವರ್ಷ ಸಂಪಾದಕನಾಗಿದ್ದು ನೂರಾರು ಕತೆ ಓದಿದವನು, ಒಂದಿಷ್ಟು ಬರೆದವನೂ ಹೌದು. ಕೂತು ಎರಡನೇ ಭಾಗವನ್ನು ನಾನೇ ಬರೆಯಲು ನೋಡಿದೆ. ಗಾಳಿ ಧಾನ್ಯ ಕೇಳಿದಳು ಎಂದು ಬರೆದೆ, ಹರಿದೆ. ಬಿಡುಗಡೆ ಕೇಳಿದಳು ಎಂದು ಬರೆದೆ. ಅದು ಚೆನ್ನಾಗಿಯೇ ಇತ್ತು, ಆದರೆ ಓದಿದರೆ ಯಾರೋ ಪುಸ್ತಕ ಓದಿದವರು ಬರೆದ ಹಾಗಿತ್ತು. ಅದನ್ನೂ ಹರಿದೆ. ಹೊಲಕ್ಕೆ ನೀರು ಕಟ್ಟಿ ಬಂದು ಮೊಣಕಾಲು ನೀವಿಕೊಳ್ಳುತ್ತ ಕೂತವಳಿಗೆ ಹೊಳೆಯುವುದು ನನಗೆ ಹೊಳೆಯುವುದಿಲ್ಲ ಎಂದು ಅರ್ಥವಾಗಲು ಮೂರು ತಿಂಗಳು ಹಿಡಿಯಿತು.

ತೈ ತಿಂಗಳ ಸಂಕ್ರಾಂತಿ ಹಬ್ಬಕ್ಕೆ ಊರಿಗೆ ಹೋದೆ. ಗಾಳಿ ನಿಂತುಹೋಗಿತ್ತು. ಬೆಟ್ಟದೊಳಗೆ ಸುರಂಗ ಆ ಕಡೆ ಈ ಕಡೆ ಕೂಡಿತಂತೆ, ಬರುವ ವರ್ಷ ನೀರು ಬಂದೇ ಬರುತ್ತದಂತೆ ಎಂದು ಊರಲ್ಲಿ ಅದೇ ಮಾತು. ನಾಳೆ ಎಂದು ನೀನು ಬರೆಯುತ್ತಿದ್ದದ್ದು ಬಂದೇಬಿಟ್ಟಿತಲ್ಲ, ಇನ್ನು ಪತ್ರಿಕೆಗೆ ಏನು ಬರೆಯುತ್ತೀಯ ಎಂದು ಬಾವ ತಮಾಷೆ ಮಾಡಿದ. ಅದರಲ್ಲಿ ನಿಜವೂ ಇತ್ತು. ನೀರು ಬಂದ ಮೇಲೆ ಕಣಿವೆಯವರಿಗೆ ಇವತ್ತಿನ ಕೆಲಸವೇ ಸಾಕಷ್ಟಾಯಿತು. ಎರಡು ವರ್ಷದ ಮೇಲೆ ನಾನು ಪತ್ರಿಕೆ ನಿಲ್ಲಿಸಿದೆ.

ಅಕ್ಕ ಹಿತ್ತಿಲಲ್ಲಿ ಅವರೆ ಬಿಡಿಸುತ್ತಿದ್ದಳು. ಪಕ್ಕದಲ್ಲಿ ಕೂತು, ಹೊಸ ನೋಟುಪುಸ್ತಕ ತೆಗೆದು, ಬಂದ ಕಾಗದಗಳ ವಿಷಯ ಹೇಳಿದೆ. ವಕೀಲರು ಸೀನಿದ್ದನ್ನೂ ಹೇಳಿದೆ. ಅವಳು ನಕ್ಕಳು. ಅಷ್ಟು ಜನ ಕೇಳಿದರೇ ಎಂದು ಎರಡು ಸಲ ವಿಚಾರಿಸಿದಳು. ಅವಳ ಮುಖ ಅರಳಿದ್ದು ಕಂಡು ನನಗೆ ಧೈರ್ಯ ಬಂತು.

"ಇನ್ನು ಮಿಕ್ಕಿದ್ದು ಹೇಳಕ್ಕ. ಈ ಸಲ ನಿನ್ ಹೆಸ್ರು ಹಾಕ್ತೀನಿ. ಗಾಳಿ ಯಾವ್ದು, ಕಾಳಿ ಯಾವ್ದು ಅಂತ ಕೆಳಗೆ ಟಿಪ್ಪಣಿನೂ ಹಾಕ್ತೀನಿ."

ಅವಳು ಒಂದು ಅವರೆಯನ್ನು ಬಿಡಿಸಿ, ಕಾಳು ಬುಟ್ಟಿಗೆ ಹಾಕಿ, ಸಿಪ್ಪೆ ಆಚೆಗೆ ಎಸೆದಳು.

"ನಿನ್ ಜ್ವರಕ್ಕೆ ಎರಡು ಸಲ ತೀಚಟ್ಟಿ ಎತ್ತಿದೋಳು ನಾನು. ನಿಂಗೆ ನೆನಪಿರಲ್ಲ, ಚಿಕ್ಕೋನು. ದನಕ್ಕೆ ಬಾಯಿಬೇನೆ ಬಂದಾಗ ಒಂದ್ ಸಲ ಎತ್ತಿದೆ. ನನ್ ಕದೆಗೆ ಎತ್ತಕ್ಕೆ ನನ್ ಕೈಲಾಗ್ತಿರ್ಲಿಲ್ವಾ?"

"ನಿಂಗೆ ಕಷ್ಟ ಆಗ್ಬಾರ್ದು ಅಂತ ಅಕ್ಕಾ..."

"ಗೊತ್ತು. ಅದಕ್ಕೇ ಬೈಯಲಿಲ್ಲೆ." ಇನ್ನೊಂದು ಅವರೆ ಬಿಡಿಸಿದಳು. "ಎದ್ದು ನಿಂತಿದ್ದೆ ತಂಬಿ. ನಂದು ಅನ್ನಕ್ಕೆ ಬಾಯಿ ತೆಗ್ದಿದ್ದೆ. ಊರೆಲ್ಲ ಕೂತಿತ್ತು. ಮೂರು ಸುತ್ತು ಬಂದಿದ್ರೆ ಆಯ್ತು, ನಂದಾಗ್ತಿತ್ತು."

ಅಕ್ಕನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಪೆನ್ಸಿಲನ್ನು ಇನ್ನೂ ಕೈಯಲ್ಲೇ ಹಿಡಿದುಕೊಂಡು, ಅಚ್ಚಿಗೆ ಬೇಡ, ನನಗೊಬ್ಬನಿಗೆ ಹೇಳು, ಗಾಳಿ ಕೂಲಿ ಏನು ಕೇಳಿದಳು ಎಂದೆ.

ಅಕ್ಕ ನನ್ನ ಮುಖ ನೋಡಿದಳು. ನಾನು ತೊದಲುತ್ತಿದ್ದ ಕಾಲದಲ್ಲಿ ಮಾತು ಕಲಿಸುತ್ತ ನೋಡುತ್ತಿದ್ದ ಹಾಗೆಯೇ, ಉತ್ತರಕ್ಕೆ ಕಾಯುತ್ತ ನೋಡಿದಳು.

"ಕದೆ ನಿಂದಲ್ವಾ ತಂಬಿ," ಎಂದಳು. "ನೀನೇ ಹೇಳ್ಬೇಕು."